ಹಿಂದೆ ಕೂತ ದನಿ

ಗಂಗೂಬಾಯಿ ಹಾನಗಲ್ ಅವರ ಆತ್ಮಕಥೆ ‘ನನ್ನ ಬದುಕಿನ ಹಾಡು’ ಓದಿದವರೆಲ್ಲ ಅವರ ತಾಯಿ ಅಂಬಾಬಾಯಿಯವರನ್ನು ನೆನೆಯುತ್ತಾರೆ. ಅಂಬಾಬಾಯಿ ಕರ್ನಾಟಕ ಸಂಗೀತದಲ್ಲಿ ಪಳಗಿದವರು. ಮಗಳು ಹಿಂದೂಸ್ತಾನಿ ಕಲಿಯಲೆಂದು 1928ರಲ್ಲಿ ಸಂಸಾರವನ್ನೇ ಧಾರವಾಡದಿಂದ ಹುಬ್ಬಳ್ಳಿಗೆ ತಂದರು. ತಮ್ಮ ಹಾಡಿನ ಛಾಯೆ ಮಗಳ ಹಾಡಿನ ಮೇಲೆ ಬೀಳಬಾರದೆಂದು ತಾವು ಹಾಡುವುದನ್ನೇ ಬಿಟ್ಟರು. 1932ರಲ್ಲಿ ತೀರಿಕೊಂಡರು.

ಮೊದಲ ಸಲ ಓದಿದಾಗ ನಾನೂ ಕಣ್ಣೊರೆಸಿಕೊಂಡೆ. ಎರಡನೆಯ ಸಲ ಮನಸ್ಸು ಗಂಗೂಬಾಯಿಯವರ ಮಗಳು ಕೃಷ್ಣಾ ಅವರ ಕಡೆ ಹೊರಳಿತು. ಅವರೂ ಗಾಯಕಿಯೇ. ದಶಕಗಳ ಕಾಲ ತಾಯಿಯ ಹಿಂದೆ ಕೂತು, ಆ ಗಡಸು ದನಿಗೆ ತಮ್ಮ ದನಿ ಸೇರಿಸಿದರು. 2004ರಲ್ಲಿ, ತಾಯಿಗಿಂತ ಐದು ವರ್ಷ ಮೊದಲೇ, ಹೋಗಿಬಿಟ್ಟರು. ತಾಯಿ ಮಗಳ ನಡುವೆ ಮುನಿಸಿತ್ತೆಂದು ನಾನು ಹೇಳುತ್ತಿಲ್ಲ. ಸಂಸಾರವೇ ಹಾಡಿನ ಮೇಲೆ ನಿಂತಿದ್ದ ಮನೆ ಅದು. ಆದರೆ ಆತ್ಮಕಥೆ ತಾಯಿಯ ಮಾತು. ಮಗಳಿಗೆ ಏನನ್ನಿಸುತ್ತಿತ್ತು ಎನ್ನುವುದನ್ನು ಮಗಳೇ ಬರೆಯಬೇಕಿತ್ತು. ಪುಸ್ತಕ ಎಷ್ಟೇ ಪ್ರಾಮಾಣಿಕವಾಗಿದ್ದರೂ ಆ ಒಂದು ಜಾಗ ಬರಿದೇ ಉಳಿಯುತ್ತದೆ.

ಮಕ್ಕಳನ್ನು ಬೇಲೂರಿಗೆ ಪ್ರವಾಸ ಕರೆದೊಯ್ದಾಗಲೆಲ್ಲ ಒಂದು ವಿಷಯ ಹೇಳುತ್ತೇನೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಇಬ್ಬರೂ ಅಲ್ಲಿ ಶಿಲ್ಪಿಗಳು. ಅಪ್ಪ ಕಡೆದದ್ದರ ಕೆಳಗೆ ಅಪ್ಪನ ಹೆಸರು, ಮಗ ಕಡೆದದ್ದರ ಕೆಳಗೆ ಮಗನ ಹೆಸರು. ಊರ ಮಕ್ಕಳಿಗೆಲ್ಲ ಇದನ್ನು ಹೇಳಿದವಳು ನನ್ನ ಮನೆಯಲ್ಲಿ ಮಾಡಿದ್ದೇನು?

ನನ್ನ ಮಗಳಿಗೆ ಚಿತ್ರ ಬರೆಯುವ ಹುಚ್ಚು. “ಮೊದಲು ಒಂದು ನೌಕರಿ ಹಿಡಿ, ಚಿತ್ರ ಎಲ್ಲಿಗೆ ಓಡಿಹೋಗುತ್ತೆ?” ಎಂದು ಪರೀಕ್ಷೆಯ ವರ್ಷ ಅವಳ ಚಿತ್ರದ ಪುಸ್ತಕಗಳನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದೆ. ನನ್ನ ಸಂಬಳದಿಂದಲೇ ನಾನು ತಲೆಯೆತ್ತಿ ಬಾಳಿದ್ದು. ಅವಳೂ ಹಾಗೇ ಬಾಳಲಿ ಎಂಬ ಆಸೆ. ನೌಕರಿಯೇನೋ ಸಿಕ್ಕಿತು. ಆದರೆ ಫೋನಿನಲ್ಲಿ “ಊಟ ಆಯ್ತಾ” ಎಂಬುದರಾಚೆ ನಮಗೆ ಮಾತಿಲ್ಲ. ಕಳೆದ ಸಲ ಮಾಲೇಕಲ್ಲಿನ ತೇರಿಗೆ ಬಂದವಳು ಬೆಟ್ಟದ ಮೆಟ್ಟಿಲುಗಳ ಚಿತ್ರ ಬರೆದಳು. ಚೆನ್ನಾಗಿತ್ತು. “ಹೆಸರು ಹಾಕಲಿಲ್ವೇನೆ?” ಅಂದೆ. “ಯಾರಿಗಮ್ಮ ಬೇಕು?” ಅಂದಳು.

ಅಂಬಾಬಾಯಿಯವರಂತೆ ಎಲ್ಲವನ್ನೂ ಬಿಟ್ಟುಕೊಡುವುದು ಎಲ್ಲ ತಾಯಂದಿರಿಗೂ ಆಗದು, ಆಗಬೇಕಾಗಿಯೂ ಇಲ್ಲ. ಬೀಗವನ್ನಾದರೂ ಹಾಕದೆ ಇರಬಹುದಿತ್ತು. ಈ ಪುಸ್ತಕವನ್ನು ಓದಿ. ಆಮೇಲೆ ಗಂಗೂಬಾಯಿಯವರ ಧ್ವನಿಮುದ್ರಿಕೆಗಳನ್ನು ಕೇಳುವಾಗ ಹಿಂದಿನಿಂದ ಬರುವ ಆ ಇನ್ನೊಂದು ದನಿಗೂ ಸ್ವಲ್ಪ ಕಿವಿಗೊಡಿ.