ಸಯನ್ಸ್ ತೆಗೆದುಕೊಂಡವರ ಊರಿನಲ್ಲಿ

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ವಾರ ಬಂಟ್ವಾಳ, ಬೆಳ್ತಂಗಡಿ ಕಡೆಯ ಮನೆಗಳಲ್ಲಿ ಕೇಳಿಬರುವ ಪ್ರಶ್ನೆ ಒಂದೇ: "ಮಗ ಯಾವುದು ತೆಗೆದುಕೊಂಡ?" ಸಯನ್ಸ್ ಎಂದರೆ ಕೇಳಿದವರ ಮುಖ ಅರಳುತ್ತದೆ. ಎಲ್ಲಿ ಎಂಬುದಕ್ಕೆ ಮೂಡುಬಿದಿರೆ ಎಂಬ ಉತ್ತರ ಬಂತೋ, ಮಾತು ಮುಗಿಯಿತು. ಹುಡುಗನ ದಾರಿ ಸರಿಯಾಯಿತು. ಹಾಸ್ಟೆಲು, ಪಿಸಿಎಂಬಿ, ಜೊತೆಗೆ ನೀಟ್ ಮತ್ತು ಸಿಇಟಿ ತರಬೇತಿ. ಇನ್ನೂ ಮುಂದಾಲೋಚನೆಯ ತಂದೆತಾಯಿ ಎಂಟನೇ ತರಗತಿಯಲ್ಲೇ ಫೌಂಡೇಶನ್ ಕೋರ್ಸಿಗೆ ಹಾಕಿರುತ್ತಾರೆ. ವಿಜ್ಞಾನದ ಹುಚ್ಚು ಹತ್ತಿದ ಮಗುವಿಗೆ ಶಾಲೆಯ ಪಾಠ ಸಾಲದು ಎಂಬುದನ್ನು ನಮ್ಮವರು ಒಪ್ಪುತ್ತಾರೆ. ಸಾಲದ್ದನ್ನು ಕೋಚಿಂಗ್ ತುಂಬುತ್ತದೆ ಎಂಬುದು ಮಾತ್ರ ಯಾರೂ ಮುಟ್ಟಿ ನೋಡದ ನಂಬಿಕೆ.

ಮುಟ್ಟಿ ನೋಡಿದರೆ ಅದು ಗಟ್ಟಿಯಿಲ್ಲ. ಫೌಂಡೇಶನ್ ಎಂದರೆ ಹನ್ನೊಂದನೇ ತರಗತಿಯ ಪಾಠವನ್ನು ಒಂಬತ್ತರಲ್ಲಿ ಮಾಡುವುದು. ಎರಡು ವರ್ಷ ಮುಂಚೆ ಕಲಿತ ಮಾತ್ರಕ್ಕೆ ಪಾಠ ಆಳವಾಗುವುದಿಲ್ಲ, ಬೇಗ ಆಗುತ್ತದೆ ಅಷ್ಟೆ. 2025ರ ನೀಟ್ ಪರೀಕ್ಷೆಯಲ್ಲಿ 180 ಪ್ರಶ್ನೆ, 180 ನಿಮಿಷ. ಒಂದು ನಿಮಿಷದೊಳಗೆ ಬಿಡಿಸಲಾಗದ ಪ್ರಶ್ನೆಯನ್ನು ಬಿಟ್ಟು ಮುಂದೆ ಹೋಗುವುದೇ ಅಲ್ಲಿ ಜಾಣತನ. ಒಂದು ಪ್ರಶ್ನೆಯ ಹಿಂದೆ ವರ್ಷಗಟ್ಟಲೆ ಬಿದ್ದು, ಬಿಡಲಾರದೆ ನರಳುವುದು ಸಂಶೋಧಕನ ಕಸುಬು. ನಾಲ್ಕು ಆಯ್ಕೆಗಳಲ್ಲಿ ಒಂದು ಖಂಡಿತ ಸರಿ ಎಂಬ ಭರವಸೆ ಆ ಕಸುಬಿನಲ್ಲಿ ಯಾರೂ ಕೊಡುವುದಿಲ್ಲ. ಕೋಚಿಂಗ್ ಅಡಿಕೆ ತೋಟದ ಮನೆಗಳಿಂದ ಡಾಕ್ಟರರನ್ನು ಹೊರಡಿಸಿದೆ, ಅದನ್ನು ಹಗುರವಾಗಿ ಕಾಣುವವನು ನಾನಲ್ಲ. ಆದರೆ ಡಾಕ್ಟರಾಗಬೇಕೆನ್ನುವ ಮಗು ಬೇರೆ, ಕಪ್ಪೆಯ ಕೂಗು ಮಳೆಗಿಂತ ಮೊದಲೇಕೆ ಎಂದು ನಿದ್ದೆಗೆಡುವ ಮಗು ಬೇರೆ. ಇಬ್ಬರನ್ನೂ ಒಂದೇ ಬಸ್ಸಿಗೆ ಹತ್ತಿಸುತ್ತೇವೆ.

"ಹಾಗಾದರೆ ಬೆಂಗಳೂರಿಗೆ ಕಳಿಸಬೇಕೋ? ಇಲ್ಲಿ ಏನಿದೆ?" ಎಂದು ಕೇಳುವವರಿದ್ದಾರೆ. ಇಲ್ಲಿ ಏನಿದೆ ಎಂಬುದನ್ನು ಮೂಡುಬಿದಿರೆಯಿಂದಲೇ ಶುರುಮಾಡೋಣ. ಆ ಊರಿನ ಗುರುಬಸದಿಗೆ ಸಿದ್ಧಾಂತ ಬಸದಿ ಎಂಬ ಹೆಸರು ಬಂದದ್ದು ಅಲ್ಲಿ ಶತಮಾನಗಳ ಕಾಲ ಕಾಪಿಟ್ಟ ತಾಳೆಗರಿಗಳಿಂದ. ಜೈನರ ಆಗಮಗ್ರಂಥವಾದ ಷಟ್ಖಂಡಾಗಮಕ್ಕೆ ವೀರಸೇನಾಚಾರ್ಯರು ಒಂಬತ್ತನೇ ಶತಮಾನದ ಆರಂಭದಲ್ಲಿ ಬರೆದ 'ಧವಲಾ' ಟೀಕೆ ಉಳಿದುಬಂದದ್ದು ಇಲ್ಲಿ, ಅದೂ ಹಳಗನ್ನಡ ಲಿಪಿಯಲ್ಲಿ. ಹೀರಾಲಾಲ್ ಜೈನರ ಸಂಪಾದನೆಯಲ್ಲಿ 1939ರಿಂದ ಅದು ಅಚ್ಚಾಗತೊಡಗಿದಾಗ ಲಖನೌದ ಗಣಿತ ಇತಿಹಾಸಕಾರ ಅವಧೇಶ್ ನಾರಾಯಣ ಸಿಂಗ್ ಅದರೊಳಗಿನ ಲೆಕ್ಕಗಳನ್ನು ಕಂಡು ವಿವರವಾಗಿ ಬರೆದರು. ಒಂದು ಸಂಖ್ಯೆಯನ್ನು ಎಷ್ಟು ಸಲ ಅರ್ಧ ಮಾಡಬಹುದೋ ಅದು ಆ ಸಂಖ್ಯೆಯ ಅರ್ಧಚ್ಛೇದ. 16ಕ್ಕೆ ನಾಲ್ಕು, 32ಕ್ಕೆ ಐದು. ಎರಡನ್ನೂ ಗುಣಿಸಿದರೆ 512, ಅದರದು ಒಂಬತ್ತು. ಗುಣಾಕಾರ ಇಲ್ಲಿ ಸಂಕಲನವಾಯಿತು. ಪಿಯುಸಿಯಲ್ಲಿ ಲಾಗರಿದಮ್ ಎಂದು ಬಾಯಿಪಾಠ ಮಾಡಿಸುವುದು ಇದನ್ನೇ. ಯುರೋಪಿನಲ್ಲಿ ನೇಪಿಯರನ ಕೋಷ್ಟಕಗಳು ಬಂದದ್ದು 1614ರಲ್ಲಿ. ನೇಪಿಯರನಿಗಿಂತ ನಾವು ಮುಂದಿದ್ದೆವು ಎಂದು ಎದೆ ತಟ್ಟಿಕೊಳ್ಳಲು ಇದನ್ನು ಹೇಳುತ್ತಿಲ್ಲ, ಆ ಕೆಲಸಕ್ಕೆ ಬೇರೆಯವರಿದ್ದಾರೆ. ಹಾಗಾದರೆ 12ರ ಅರ್ಧಚ್ಛೇದ ಎಷ್ಟು ಎಂದು ಕೇಳುವ ಮಗುವಿನ ಬಗ್ಗೆ ನನ್ನ ಮಾತು.

ಅದೇ ಗ್ರಂಥದಲ್ಲಿ ವೃತ್ತದ ಪರಿಧಿಗೆ ಒಂದು ಸೂತ್ರವಿದೆ. ವ್ಯಾಸವನ್ನು 16ರಿಂದ ಗುಣಿಸಿ, 16 ಕೂಡಿಸಿ, 113ರಿಂದ ಭಾಗಿಸಿ, ಬಂದದ್ದನ್ನು ವ್ಯಾಸದ ಮೂರರಷ್ಟಕ್ಕೆ ಸೇರಿಸಬೇಕು. ನಡುವೆ ಕೂಡಿಸಿದ ಆ 16ನ್ನು ಕೈಬಿಟ್ಟರೆ ಪೈ ಬೆಲೆ 355/113 ಬರುತ್ತದೆ, ದಶಮಾಂಶದ ಆರು ಸ್ಥಾನ ಸರಿ. ಕೈಬಿಡದೆ ವ್ಯಾಸ 1 ಎಂದು ಇಟ್ಟರೆ 3.28, ಸಾಕಷ್ಟು ತಪ್ಪು. ವ್ಯಾಸ 1000 ಎಂದಿಟ್ಟರೆ ತಪ್ಪು ಬಹುತೇಕ ಕರಗುತ್ತದೆ. ಆ ಹೆಚ್ಚಿನ 16 ಅಲ್ಲಿಗೆ ಏಕೆ ಬಂತು? ಲಿಪಿಕಾರನ ಕೈತಪ್ಪೋ, ದೊಡ್ಡ ವೃತ್ತಗಳಿಗಷ್ಟೇ ಹೇಳಿದ ಸೂತ್ರವೋ, ಬೇರೆ ಲೆಕ್ಕಾಚಾರವೋ? ಕ್ಯಾಲ್ಕುಲೇಟರೂ ವೃತ್ತದ ಪಾಠವೂ ಇರುವ ಹತ್ತನೇ ತರಗತಿಯ ಹುಡುಗಿ ಈ ಪ್ರಶ್ನೆಯನ್ನು ಎತ್ತಿಕೊಳ್ಳಬಲ್ಲಳು. ಇದರ ಉತ್ತರ ಯಾವ ಗೈಡಿನ ಹಿಂದಿನ ಪುಟದಲ್ಲೂ ಅಚ್ಚಾಗಿಲ್ಲ. ಶಾಲೆಯ ಪಾಠದಿಂದ ಮುಂದಿನ ವಿಜ್ಞಾನ ಎಂದು ನಾನು ಕರೆಯುವುದು ಇಂಥದ್ದನ್ನು.

ಗಣಿತ ಒಗ್ಗದವರಿಗೆ ತೋಟವಿದೆ. ಮಳೆಗಾಲ ಹಿಡಿಯುವ ಮುಂಚೆ ಅಡಿಕೆಗೆ ಮದ್ದು ಬಿಡುವುದನ್ನು ಈ ತಾಲೂಕುಗಳ ಮಕ್ಕಳು ಹುಟ್ಟಿದಾಗಿನಿಂದ ನೋಡಿದ್ದಾರೆ. ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಹದ ಸರಿಯಾಯಿತೇ ಎಂದು ಅಜ್ಜ ಕತ್ತಿಯ ಅಲಗನ್ನು ಅದರಲ್ಲಿ ಅದ್ದಿ ನೋಡುತ್ತಾರೆ. ಕೆಂಪು ಲೇಪ ಕೂತರೆ ಸುಣ್ಣ ಸಾಲದು. ತಾಮ್ರದ ಸಲ್ಫೇಟಿನಲ್ಲಿ ಕಬ್ಬಿಣದ ಮೊಳೆ ಅದ್ದುವ ಪ್ರಯೋಗ ಹತ್ತನೇ ತರಗತಿಯ ಪುಸ್ತಕದಲ್ಲಿದೆ. ಎರಡೂ ಒಂದೇ ಎಂದು ತರಗತಿಯಲ್ಲಿ ಹೇಳುವ ಮೇಷ್ಟ್ರು ಸಿಕ್ಕರೆ ಅದೃಷ್ಟ. ಆ ಮದ್ದು ಯಾವುದರ ಮೇಲೆ ಬೀಳುತ್ತದೋ ಆ ಕೊಳೆರೋಗದ ಕತೆ ಇನ್ನೂ ಸ್ವಾರಸ್ಯದ್ದು. ಕೆನಡಾದಿಂದ 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಲೆಸ್ಲಿ ಕೋಲ್ಮನ್ 1910ರಲ್ಲಿ ಅದರ ಕಾರಣವನ್ನು ವಿವರಿಸಿದರು: ಫೈಟಾಫ್ತೊರ. 1845ರಲ್ಲಿ ಐರ್ಲೆಂಡಿನ ಬಟಾಟೆಯನ್ನು ಕೊಳೆಸಿ ಕ್ಷಾಮ ತಂದ ಜೀವಿಯೂ ಇದೇ ಕುಲದ್ದು. ಎಲ್ಲರೂ ಶಿಲೀಂಧ್ರವೆಂದು ಕರೆಯುವ ಇದು ವಂಶಾವಳಿಯಲ್ಲಿ ಅಣಬೆಗಿಂತ ಕಡಲಿನ ಕಂದು ಪಾಚಿಗೆ ಹತ್ತಿರ. ಶಿಲೀಂಧ್ರಕ್ಕೆಂದು ಮಾಡಿದ ಕೆಲವು ಔಷಧಗಳು ಇದಕ್ಕೆ ನಾಟದಿರುವುದಕ್ಕೆ ಒಂದು ಕಾರಣವೂ ಅದೇ.

ಅಡಿಕೆಯ ಮೇಲೆ ಸಂಶೋಧನೆ ನಡೆಸುವ ಸಿಪಿಸಿಆರ್‌ಐ ಕೇಂದ್ರ ಇರುವುದು ಬಂಟ್ವಾಳ ತಾಲೂಕಿನ ವಿಟ್ಲದಲ್ಲಿ. ನಾವು ಅಲ್ಲಿಗೆ ಹೋಗುವುದು ಮಂಗಳ ತಳಿಯ ಸಸಿ ಸಿಗುತ್ತದೋ ನೋಡಲು. ಮಗಳನ್ನು ಕರೆದುಕೊಂಡು ಹೋಗಿ "ಇವಳಿಗೊಂದು ಸಂಶಯ ಉಂಟು" ಎಂದು ವಿಜ್ಞಾನಿಯೊಬ್ಬರ ಮುಂದೆ ಕೂರಿಸಿದ ತಂದೆಯರು ಎಷ್ಟು ಮಂದಿ ಇದ್ದಾರು? ವಿಜ್ಞಾನಿಗಳಿಗೆ ಪತ್ರ ಬರೆ ಎಂದು ಮಕ್ಕಳಿಗೆ ಉಪದೇಶಿಸುವವರು ಹೇಗೆ ಬರೆಯಬೇಕೆಂದು ಹೇಳುವುದಿಲ್ಲ. "ನನಗೆ ವಿಜ್ಞಾನ ತುಂಬಾ ಇಷ್ಟ, ಮಾರ್ಗದರ್ಶನ ಮಾಡಿ" ಎಂಬ ಪತ್ರಕ್ಕೆ ಯಾರಾದರೂ ಏನು ಉತ್ತರ ಕೊಟ್ಟಾರು? ತೋಟದ ತಗ್ಗಿನ ಮರಗಳಲ್ಲಿ ಕೊಳೆ ಯಾವ ದಿನ ಕಂಡಿತು, ಏರಿನಲ್ಲಿ ಯಾವಾಗ, ಹಿಂದಿನ ವಾರ ಮಳೆ ಎಷ್ಟು, ಇದಿಷ್ಟು ಕೋಷ್ಟಕ, ಇದರಲ್ಲಿ ನನಗೆ ಅರ್ಥವಾಗದ್ದು ಇದು ಎಂದು ಬರೆದರೆ ಓದುವವರು ತಲೆಯೆತ್ತಿ ನೋಡುತ್ತಾರೆ. ಮಳೆಯ ಲೆಕ್ಕಕ್ಕೂ ದೂರ ಹೋಗಬೇಕಿಲ್ಲ. ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರಿನ ಆಸುಪಾಸು ಸುರಿಯುವ ಈ ಜಿಲ್ಲೆಯಲ್ಲಿ ಮಳೆಮಾಪಕ ಇಟ್ಟು ಬೆಳಿಗ್ಗೆ ಬರೆದಿಡುವ ಕೃಷಿಕರಿದ್ದಾರೆ. ಅಜ್ಜನ ಡೈರಿಯ ಇಪ್ಪತ್ತು ಮೂವತ್ತು ವರ್ಷದ ಅಂಕಿಗಳನ್ನು ಕಂಪ್ಯೂಟರಿಗೆ ಏರಿಸಿ, "ಮಳೆ ಮೊದಲಿನ ಹಾಗಿಲ್ಲ" ಎಂಬ ಜಗಲಿಯ ಮಾತು ಅಂಕಿಗಳಲ್ಲಿ ನಿಲ್ಲುತ್ತದೋ ಎಂದು ನೋಡುವುದಕ್ಕೆ ಬೇಕಾದ ಸಂಖ್ಯಾಶಾಸ್ತ್ರ ಅಂತರಜಾಲದ ಎನ್‌ಪಿಟಿಇಎಲ್ ಪಾಠಗಳಲ್ಲಿ ಬಿಟ್ಟಿ ಸಿಗುತ್ತದೆ.

ವಿಜ್ಞಾನ ಮೇಳಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಥರ್ಮೋಕೋಲಿನ ಜ್ವಾಲಾಮುಖಿ, ಅಪ್ಪ ಜೋಡಿಸಿದ ಸರ್ಕೀಟು, ಮಗು ಉರುಹೊಡೆದ ವಿವರಣೆ, ಶಾಸಕರ ಭಾಷಣ. 1993ರಿಂದ ನಡೆಯುವ ಮಕ್ಕಳ ವಿಜ್ಞಾನ ಸಮಾವೇಶ ಮಾದರಿ ಬೇಡ, ಊರಿನ ಸಮಸ್ಯೆಯ ತನಿಖೆ ಬೇಕು ಎನ್ನುತ್ತದೆ. ಆ ಉದ್ದೇಶ ಉಳಿದ ಶಾಲೆಗಳಲ್ಲಿ ಒಳ್ಳೆಯ ಕೆಲಸ ನಡೆಯುತ್ತದೆ.

ಇಂಗ್ಲಿಷ್ ಬಾರದ ಮಗು ಏನು ಮಾಡಬೇಕು ಎಂಬ ತಕರಾರು ನಿಜವಾದದ್ದು. ಸಂಶೋಧನಾ ಲೇಖನಗಳು ಇಂಗ್ಲಿಷಿನಲ್ಲಿವೆ, ಅದನ್ನು ಮರೆಸಿ ಉಪಯೋಗವಿಲ್ಲ. ಆದರೆ ಕಾಲೇಜು ಬಿಟ್ಟ ಶಿವರಾಮ ಕಾರಂತರು ಪಕ್ಕದ ಪುತ್ತೂರಿನಲ್ಲಿದ್ದುಕೊಂಡು ತಾವೇ ಓದಿ ತಿಳಿದು 'ವಿಜ್ಞಾನ ಪ್ರಪಂಚ'ದ ನಾಲ್ಕು ಸಂಪುಟಗಳನ್ನು ಕನ್ನಡಕ್ಕೆ ಕೊಟ್ಟ ಜಿಲ್ಲೆ ಇದು. ಒಂದು ಲೇಖನವನ್ನು ಡಿಕ್ಷನರಿ ಹಿಡಿದು ತಿಂಗಳುಗಟ್ಟಲೆ ಓದಿದರೆ ನಷ್ಟವೇನು? ಹತ್ತು ಲೇಖನ ಮೇಲೆ ಮೇಲೆ ಓದಿದವನಿಗಿಂತ ಹಾಗೆ ಓದಿದವನಿಗೆ ಹೆಚ್ಚು ತಿಳಿದಿರುತ್ತದೆ.

ನನ್ನ ವಾದಕ್ಕೆ ಎದುರಾಗುವ ಗಟ್ಟಿ ಮಾತು ಬೇರೆ ಇದೆ. ವಿಜ್ಞಾನಿಯಾಗಬೇಕೆಂದರೂ ಬಾಗಿಲಲ್ಲಿ ಪರೀಕ್ಷೆಯೇ ನಿಂತಿದೆ. 1999ರಲ್ಲಿ ಶುರುವಾಗಿ ಪಿಯುಸಿ ಮಕ್ಕಳನ್ನು ಸಂಶೋಧನೆಗೆ ಸೆಳೆಯುತ್ತಿದ್ದ ಕೆವಿಪಿವೈ ವಿದ್ಯಾರ್ಥಿವೇತನ 2022ರಲ್ಲಿ ನಿಂತಿತು. ಈಗ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪದವಿಗೂ ಜೆಇಇ ಅಥವಾ ಐಸರ್ ಪರೀಕ್ಷೆಯ ಅಂಕ ಬೇಕು. ಪೋಷಕರ ಹೆದರಿಕೆ ಸುಳ್ಳಲ್ಲ. ವಿಜ್ಞಾನದ ಒಳ್ಳೆಯ ಮನೆಗಳೇ ಕೋಚಿಂಗಿನವರ ಕೈಗೆ ಬೀಗದ ಕೈ ಕೊಟ್ಟಿವೆ. ಆದರೆ ಎಲ್ಲವೂ ಅಲ್ಲ. ಚೆನ್ನೈ ಗಣಿತ ಸಂಸ್ಥೆ, ಭಾರತೀಯ ಸಾಂಖ್ಯಿಕ ಸಂಸ್ಥೆಗಳ ಪ್ರವೇಶ ಪರೀಕ್ಷೆಗಳಲ್ಲಿ ಉತ್ತರ ಹೇಗೆ ಬಂತೆಂದು ಬರೆದು ತೋರಿಸಬೇಕು. ನವೆಂಬರಿನಲ್ಲಿ ನಡೆಯುವ ವಿಜ್ಞಾನ ಒಲಿಂಪಿಯಾಡಿನ ಮೊದಲ ಸುತ್ತಿಗೆ ಒಂಬತ್ತು, ಹತ್ತರ ಮಕ್ಕಳಿಗೂ ಕಿರಿಯರ ವಿಭಾಗವಿದೆ. ಮುಂಬಯಿಯ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರ ಹಳೆಯ ಪ್ರಶ್ನೆಪತ್ರಿಕೆಗಳನ್ನು ಉತ್ತರಸಹಿತ ಬಿಟ್ಟಿ ಇಟ್ಟಿದೆ. ಮೇಲಿನ ಸುತ್ತುಗಳ ಪ್ರಶ್ನೆಗಳಲ್ಲಿ ಒಂದೊಂದನ್ನು ವಾರವಿಡೀ ಅಗಿಯಬಹುದು. ಗೆಲ್ಲುವ ಆಸೆ ಇಲ್ಲದವರಿಗೂ ಅದು ಒಳ್ಳೆಯ ಮೇವು. ಜೆಇಇ, ಐಸರ್ ಪರೀಕ್ಷೆ ಬರೆಯಲೇಬೇಕೆಂದರೂ ಪಿಯುಸಿಯ ಎರಡು ವರ್ಷ ಸಾಕು. ಎಂಟನೇ ತರಗತಿಯಿಂದ ಹಿಡಿದು ಐದು ವರ್ಷ ಕೊಡುವುದು ದುಬಾರಿ.

ಹಾಸ್ಟೆಲು ನಡೆಸುವವರಲ್ಲೂ ಕೇಳಬೇಕಾದ್ದಿದೆ. ಜುಲೈ ತಿಂಗಳ ಭಾನುವಾರಗಳಂದು ಪದವಿ ಕಾಲೇಜಿನ ಒಂದು ಸೂಕ್ಷ್ಮದರ್ಶಕವನ್ನು ಪಿಯುಸಿ ಮಕ್ಕಳಿಗೆ ಎರಡು ಗಂಟೆ ಬಿಟ್ಟುಕೊಡಲಿ, ಆ ಹೊತ್ತಿಗೆ ಟೆಸ್ಟ್ ಇಡದಿರಲಿ. ಕೊಳೆತು ಬಿದ್ದ ಅಡಿಕೆಯ ಮೇಲಿನ ಬಿಳಿ ಬೂಸ್ಟನ್ನು ತಣ್ಣಗಿನ ಒಂದು ಹನಿ ನೀರಿಗೆ ಹಾಕಿ ಕಾದರೆ, ಅದರ ಬೀಜಚೀಲ ಒಡೆದು ಒಳಗಿನವು ಬಾಲ ಬಡಿಯುತ್ತ ಈಜಿ ಹೊರಬರುವುದನ್ನು ನಾನೂರು ಪಟ್ಟು ದೊಡ್ಡದು ಮಾಡಿದರೆ ನೋಡಬಹುದು. ಮಳೆ ಬಿಡದೆ ಹೊಡೆದ ವಾರ ರೋಗ ಮರದಿಂದ ಮರಕ್ಕೆ ಏಕೆ ಓಡುತ್ತದೆ ಎಂಬುದು ಅಲ್ಲೇ ಕಾಣುತ್ತದೆ, ನಿಮಿಷಕ್ಕೊಂದು ಪ್ರಶ್ನೆಯ ಅವಸರದಲ್ಲಿ ಮಾತ್ರ ಕಾಣುವುದಿಲ್ಲ.