ಪುಟ ಪರದೆಗಿಳಿಯುವ ಬಗೆ: ಒಂದು ಸೂತ್ರದ ವ್ಯಾಖ್ಯಾನ

ಸೂತ್ರ: ಪುಟ ಹರಿಯಲಿ, ಒತ್ತು ಉಳಿಯಲಿ, ಪದ್ಯ ಒಡೆಯದಿರಲಿ, ಟಿಪ್ಪಣಿ ಹಿಂಬಾಲಿಸಲಿ.

ಅಚ್ಚಿನ ಕನ್ನಡ ಪುಸ್ತಕವನ್ನು ಇ-ಪುಸ್ತಕವಾಗಿ ಅಣಿಗೊಳಿಸುವವರಿಗೆ ಈ ಸೂತ್ರ ಸಲ್ಲುತ್ತದೆ. 2016ರಲ್ಲಿ ಕಿಂಡಲ್ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಪುಸ್ತಕಗಳಿಗೆ ಬಾಗಿಲು ತೆರೆದಾಗ ಕನ್ನಡ ಹೊರಗುಳಿಯಿತು. ಆದಕಾರಣ ಕನ್ನಡದ ಇ-ಓದು ಬಹುಮಟ್ಟಿಗೆ ಫೋನನ್ನೇ ಆಶ್ರಯಿಸಿತು. 2020ರಲ್ಲಿ ಬೆಂಗಳೂರಿನಲ್ಲಿ ಮೊದಲಾದ ಮೈಲ್ಯಾಂಗ್ ಎಂಬ ಇ-ಪುಸ್ತಕ ಮಳಿಗೆ ಕೂಡ ಆ್ಯಪಿನ ಮೂಲಕವೇ ಓದುಗರನ್ನು ತಲುಪಿತು. ಬನಶಂಕರಿಯಿಂದ ಜಯನಗರಕ್ಕೆ ಮೆಟ್ರೋದಲ್ಲಿ ನಿಂತು ಓದುವವರ ಮುಂದಿರುವುದು ಅಂಗೈಯಗಲದ ಪರದೆ. ಸೂತ್ರವು ಆ ಅಗಲವನ್ನು ಉದ್ದೇಶಿಸಿದ್ದು.

‘ಪುಟ ಹರಿಯಲಿ’ ಎಂಬಲ್ಲಿ ಪುಟವೆಂದರೆ ಹಾಳೆಯ ಮಗ್ಗುಲಲ್ಲ, ಅಕ್ಷರಗಳನ್ನು ಸಾಲುಗಟ್ಟಿದ ವಿನ್ಯಾಸ. ಕನ್ನಡ ಪುಸ್ತಕಗಳ ವಾಡಿಕೆಯ ಆಕಾರ 1/8 ಡೆಮಿ. ಆ ಅಳತೆಯ ಪುಟವನ್ನು ಪಿಡಿಎಫ್ ಇದ್ದಂತೆಯೇ ಹಿಡಿದಿಡುತ್ತದೆ. ಫೋನಿನಲ್ಲಿ ಅದು ಕುಗ್ಗುತ್ತದೆ, ಹಿಗ್ಗಿಸಿದರೆ ಸಾಲುಸಾಲಿಗೂ ಎಡಬಲ ಸರಿಸಬೇಕಾಗುತ್ತದೆ. ‘ಹರಿಯಲಿ’ ಎಂಬ ವಿಧಿಯು ಇದನ್ನು ನಿಷೇಧಿಸುತ್ತದೆ. ಇಪಬ್ ಕಡತದಲ್ಲಾದರೋ ಸಾಲು ಎಲ್ಲಿ ಮುಗಿಯಬೇಕೆಂಬುದನ್ನು ಸಾಧನವೇ ತನ್ನ ಅಗಲಕ್ಕೆ ತಕ್ಕಂತೆ ನಿಶ್ಚಯಿಸುತ್ತದೆ. ಆದ್ದರಿಂದ ಸಾಲಿನ ತುದಿಯಲ್ಲಿ ಎಂಟರ್ ಒತ್ತುವುದು, ಸ್ಪೇಸ್ ಹೊಡೆದು ಶೀರ್ಷಿಕೆಯನ್ನು ನಡುವಿಗೆ ತಳ್ಳುವುದು ಮುಂತಾದ ಡಿಟಿಪಿ ರೂಢಿಗಳು ಇಲ್ಲಿ ವರ್ಜ್ಯ. ಎರಡೂ ಅಂಚನ್ನು ಸಮ ಮಾಡುವುದೂ ತರವಲ್ಲ. ಸಂಧಿ ಸಮಾಸಗಳಿಂದ ಉದ್ದವಾದ ಪದಗಳು ಕಿರಿದಾದ ಸಾಲಿನಲ್ಲಿ ಎರಡೋ ಮೂರೋ ಹಿಡಿಯುತ್ತವೆ, ನಡುವೆ ಹಳ್ಳ ಬೀಳುತ್ತದೆ. ಎಡ ಅಂಚು ನೇರವಿದ್ದರೆ ಸಾಕು.

‘ಒತ್ತು ಉಳಿಯಲಿ’. ಸೂತ್ರದ ಪ್ರಾಣ ಇಲ್ಲಿದೆ. ಒತ್ತೆಂದರೆ ಒತ್ತಕ್ಷರ, ವ್ಯಂಜನದ ಅಡಿಯಲ್ಲಿ ನಿಲ್ಲುವ ವ್ಯಂಜನ. ಅದು ಅಳಿಯುವುದೆಂತು? ‘ನುಡಿ’, ‘ಬರಹ’ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಕನ್ನಡ ಅಕ್ಷರದ ತುಣುಕುಗಳು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕುಳಿತಿದ್ದವು. ಆ ಫಾಂಟು ಇಲ್ಲದ ಸಾಧನದಲ್ಲಿ ಕನ್ನಡವೇ ಕಾಣದು. ಆದಕಾರಣ ಮೊದಲ ಕೆಲಸ ಯೂನಿಕೋಡಿಗೆ ಪರಿವರ್ತನೆ. ಯೂನಿಕೋಡಿನಲ್ಲಿ ‘ಸ್ತ್ರೀ’ ಎಂಬುದು ಸಕಾರ, ವಿರಾಮ, ತಕಾರ, ವಿರಾಮ, ರೇಫ, ಈತ್ವ ಹೀಗೆ 6 ಸಂಕೇತಗಳಾಗಿ ಉಳಿಯುತ್ತದೆ. ಅವನ್ನು ಒಂದೇ ಅಕ್ಷರವಾಗಿ ಬರೆದು ತೋರಿಸುವುದು ಫಾಂಟಿನ ಹೊಣೆ. ‘ಸಾಫ್ಟ್‌ವೇರ್’ ಎಂಬಲ್ಲಿ ‘ಟ್’ ಆದ ಮೇಲೆ ಕಣ್ಣಿಗೆ ಬೀಳದ ಇನ್ನೊಂದು ಸಂಕೇತವುಂಟು. ಪರಿವರ್ತನೆಯಲ್ಲಿ ಅದು ಕಳೆದುಹೋದರೆ ವಕಾರವು ಒತ್ತಾಗಿ ಕೆಳಗಿಳಿದು ‘ಸಾಫ್ಟ್ವೇರ್’ ಆಗಿಬಿಡುತ್ತದೆ. ಕರಡು ತಿದ್ದುವವರು ತಾಳ್ಮೆಯಿಂದ ಹುಡುಕಬೇಕಾದ ದೋಷವಿದು. ಇನ್ನು ಸಾಲುಗಳ ಅಂತರ: ಒತ್ತಿನ ಮೇಲೆ ಒತ್ತು ಬಂದಾಗ ಅಕ್ಷರ ಬಹಳ ಕೆಳಗಿಳಿಯುತ್ತದೆ, ಅಂತರ ಸಾಲದಿದ್ದರೆ ಕೆಳಸಾಲಿನ ತಲೆಕಟ್ಟಿಗೆ ತಾಗುತ್ತದೆ. ಅಕ್ಷರದ ಗಾತ್ರದ ಒಂದೂವರೆ ಪಟ್ಟು ಕೊಡುವುದು ಲೇಸು. ಅದನ್ನು ಪ್ರಮಾಣವಾಗಿಯೇ ನಮೂದಿಸಬೇಕು. ಓದುಗರು ಅಕ್ಷರ ಹಿಗ್ಗಿಸಿದರೆ ಅಂತರವೂ ಹಿಗ್ಗಬೇಕಲ್ಲವೆ?

‘ಪದ್ಯ ಒಡೆಯದಿರಲಿ’. ಗದ್ಯಕ್ಕೆ ಹೇಳಿದ ‘ಹರಿಯಲಿ’ ಎಂಬುದಕ್ಕೆ ಇದು ಅಪವಾದ. ಬಸವನಗುಡಿಯಲ್ಲಿ ಬಾಳಿದ ಡಿ.ವಿ. ಗುಂಡಪ್ಪನವರ ‘ಮಂಕುತಿಮ್ಮನ ಕಗ್ಗ’ವನ್ನು (1943) ತೆಗೆದುಕೊಳ್ಳಬಹುದು. 945 ಚೌಪದಿಗಳು, ಸಾಲುಗಳ ಎರಡನೆಯ ಅಕ್ಷರದಲ್ಲಿ ಪ್ರಾಸ, ಕೊನೆಯಲ್ಲಿ ಅಂಕಿತ. ಕಿರಿದಾದ ಪರದೆಯಲ್ಲಿ ಸಾಲಿನ ಬಾಲ ತುಂಡಾಗಿ ಎಡ ಅಂಚಿಗೇ ಬಂದು ನಿಂತರೆ ನಾಲ್ಕು ಸಾಲು ಏಳಾಗುತ್ತದೆ, ಪ್ರಾಸದ ಓರಣ ಕಣ್ಮರೆಯಾಗುತ್ತದೆ, ಅಂಕಿತ ಒಂಟಿಯಾಗುತ್ತದೆ. ಆದ್ದರಿಂದ ಮುಂದುವರಿದ ಬಾಲವನ್ನು ಒಳಕ್ಕೆ ಸರಿಸಿ ನಿಲ್ಲಿಸಬೇಕು, ಪದ್ಯದ ಅರ್ಧ ಒಂದು ಪರದೆಗೆ ಅರ್ಧ ಇನ್ನೊಂದಕ್ಕೆ ಹೋಗದಂತೆ ಕಟ್ಟಬೇಕು. ಕವಿ ಮುಗಿಸಿದ ಸಾಲು ಯಾವುದು, ಪರದೆ ಮುರಿದ ಸಾಲು ಯಾವುದು ಎಂಬುದು ಓದುಗರಿಗೆ ತಿಳಿಯಬೇಕೆಂದು ಭಾವ.

‘ಟಿಪ್ಪಣಿ ಹಿಂಬಾಲಿಸಲಿ’. ಹರಿಯುವ ಪುಟಕ್ಕೆ ಅಡಿಯಿಲ್ಲ, ಆದ್ದರಿಂದ ಅಡಿಟಿಪ್ಪಣಿಗೆ ನೆಲೆಯೂ ಇಲ್ಲ. ಅಂಕೆಯನ್ನು ಮುಟ್ಟಿದರೆ ಟಿಪ್ಪಣಿ ತೆರೆಯಬೇಕು, ಮತ್ತೆ ಮುಟ್ಟಿದರೆ ಬಿಟ್ಟ ಸಾಲಿಗೇ ಮರಳಬೇಕು. ‘ಪುಟ 87 ನೋಡಿ’ ಎಂಬಂಥ ಮಾತುಗಳನ್ನು ಅಧ್ಯಾಯದ, ಪದ್ಯದ ಸಂಖ್ಯೆಗೆ ಬದಲಿಸತಕ್ಕದ್ದು.

ಪ್ರಕಾಶಕರಲ್ಲಿ ವಿನಂತಿ ಇಷ್ಟು: ಪುಸ್ತಕ ಹೊರಡುವ ಮುನ್ನ ಅಗ್ಗದ, ಚಿಕ್ಕ ಫೋನಿನಲ್ಲಿ ಅಕ್ಷರವನ್ನು ಅತಿ ದೊಡ್ಡದು ಮಾಡಿ, ಒತ್ತು ಹೆಚ್ಚಿರುವ ಒಂದು ಗದ್ಯಭಾಗ, ಒಂದು ಪದ್ಯ, ಒಂದು ಟಿಪ್ಪಣಿಯನ್ನು ತೆರೆದು ನೋಡಿ.