ಮೊದಲು ಟ್ಯೂಬ್‌ಲೈಟ್ ಆರಿಸಿ

ಡೊಂಬಿವಲಿಯ ವನ್ ಬಿಎಚ್‌ಕೆ ಮನೆಗಳಲ್ಲಿ ವಿಡಿಯೊ ತೆಗೆಯಲು ಹೋದಾಗ ನಾನು ಮೊದಲು ಟ್ಯೂಬ್‌ಲೈಟ್ ಆರಿಸುತ್ತೇನೆ. ಮನೆಯವರಿಗೆ ಗಾಬರಿ: "ಅಯ್ಯೋ, ಕತ್ತಲಾಯ್ತಲ್ಲ!" ಮೇಲಿನಿಂದ ಬೀಳುವ ಆ ಬೆಳಕು ಕಣ್ಣಿನ ಗುಳಿಗಳಲ್ಲಿ ನೆರಳು ತುಂಬುತ್ತದೆ, ಕಿಟಕಿಯ ಬೆಳಕಿನ ಬಣ್ಣಕ್ಕೂ ಹೊಂದುವುದಿಲ್ಲ. ಮಳೆಗಾಲದ ಬೆಳಿಗ್ಗೆ ಗ್ರಿಲ್ ದಾಟಿ ಬರುವ ಮೋಡದ ಬೆಳಕಿನಷ್ಟು ಹಿತವಾದದ್ದು ಯಾವ ಅಂಗಡಿಯಲ್ಲೂ ಸಿಗದು.

ಕಳೆದ ವಾರ ಪಕ್ಕದ ಬಿಲ್ಡಿಂಗಿನ ಉಡುಪಿ ಕಡೆಯ ಅಜ್ಜಿ ಮಲ್ಲಿಗೆ ಕಟ್ಟುವುದನ್ನು ಚಿತ್ರಿಸುತ್ತಿದ್ದೆ. ಮೊಮ್ಮಗ ತನ್ನ ಹೊಸ 50 ಎಂಎಂ ಲೆನ್ಸ್ ಕೊಟ್ಟು, "ಅಂಕಲ್, 1.8ರಲ್ಲೇ ತೆಗೀರಿ, ಹಿಂದೆಲ್ಲಾ ಮಸುಕಾಗ್ಬೇಕು" ಅಂದ. ತೆಗೆದೆ. ಅಜ್ಜಿಯ ಕಣ್ಣು ಸ್ಪಷ್ಟ, ಬಾಳೆನಾರು ಸುತ್ತುವ ಬೆರಳುಗಳು ಮಂಜು. ಎಪಿಎಸ್-ಸಿ ಸೆನ್ಸರ್‌ನಲ್ಲಿ, ಐದಡಿ ದೂರಕ್ಕೆ, ಆ ಅಪರ್ಚರ್‌ನಲ್ಲಿ ಫೋಕಸ್ ನಿಲ್ಲುವುದು ಆರೇಳು ಸೆಂಟಿಮೀಟರ್ ಆಳಕ್ಕೆ ಮಾತ್ರ. ಕೈ ಇದ್ದದ್ದು ಮುಖಕ್ಕಿಂತ ಒಂದಡಿ ಮುಂದೆ. 4ಕ್ಕೆ ಹೋದರೆ ಆಳ ಹದಿನಾಲ್ಕಾಗುತ್ತದೆ, ಬೆಳಕು ಮಾತ್ರ ಐದು ಪಟ್ಟು ಬೇಕು.

ಅಜ್ಜಿಯನ್ನು ಕಿಟಕಿಯತ್ತ ಎರಡಡಿ ಸರಿಸಿ, ಕ್ಯಾಮೆರಾವನ್ನು ಅವರ ಮಗ್ಗುಲಿಗೆ ತಂದೆ. ಈಗ ಮುಖವೂ ಕೈಯೂ ಲೆನ್ಸಿನಿಂದ ಹೆಚ್ಚುಕಡಿಮೆ ಒಂದೇ ದೂರ, 4 ಸಾಕಾಯಿತು. ಉಳಿದ ಕೊರತೆಗೆ ಐಎಸ್‌ಒ ಏರಿಸಿದೆ. ನೆರಳು ಬಿದ್ದ ಕೆನ್ನೆಯ ಕಡೆ ಬಿಳಿ ಥರ್ಮಾಕೋಲ್ ಹಿಡಿಸಿದೆ. ನಮ್ಮ ಕರೆಂಟು 50 ಹರ್ಟ್ಸ್ ಆದ್ದರಿಂದ ಶಟರ್ 1/50. ಅಡುಗೆಮನೆಯ ದೀಪ ಪಟ್ಟೆ ಬಿಡಲಿಲ್ಲ. ಗೋಡೆಗೆ ಒರಗಿ ಕೂತವರ ಹಿಂದಿನ ಕ್ಯಾಲೆಂಡರನ್ನು ಎಂಥ ದುಬಾರಿ ಲೆನ್ಸೂ ಮರೆಸಲಾರದು. ಹಾಗಾಗಿ ಅವರ ಹಿಂದೆ ಅಡುಗೆಮನೆಯ ಬಾಗಿಲು ಬರುವಂತೆ ಕೂರಿಸಿ, ಅದನ್ನು ಪೂರ್ತಿ ತೆರೆದೆವು. ಎಂಟಡಿ ಆಳ ಸಿಕ್ಕಿತು. ಅಲ್ಲಿನ ಸ್ಟೀಲ್ ಡಬ್ಬಗಳು ಬರೀ ಹೊಳಪಿನ ಚುಕ್ಕೆಗಳಾದವು.

ಥರ್ಮಾಕೋಲ್ ಹಿಡಿದು ನಿಂತ ಹುಡುಗನಿಗೆ ಮೈಸೂರಿನ ವಿ.ಕೆ. ಮೂರ್ತಿಯವರ ಕಥೆ ಹೇಳಿದೆ. 1959ರಲ್ಲಿ ತೆರೆಕಂಡ, ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರ 'ಕಾಗಜ್ ಕೆ ಫೂಲ್'ಗಾಗಿ ಅವರು ಹೊರಗಿನ ಬಿಸಿಲನ್ನು ದೊಡ್ಡ ಕನ್ನಡಿಗಳಿಂದ ಸ್ಟುಡಿಯೊದೊಳಗೆ ತಿರುಗಿಸಿದ್ದರು. ಕತ್ತಲ ನಡುವೆ ಇಳಿಯುವ ಆ ಬೆಳಕಿನ ಕೋಲನ್ನು ಎಷ್ಟು ಸಲ ನೋಡಿದರೂ ನನಗೆ ತಣಿಯದು. 2008ನೇ ಸಾಲಿನ ಫಾಲ್ಕೆ ಪ್ರಶಸ್ತಿ ಅವರಿಗೆ ಸಂದಿತು. ಛಾಯಾಗ್ರಾಹಕರೊಬ್ಬರಿಗೆ ಅದು ಸಂದದ್ದು ಅದೇ ಮೊದಲು.

ಅಷ್ಟರಲ್ಲಿ ಮೋಡ ಸರಿದು ಗ್ರಿಲ್‌ನ ಗೆರೆಗಳೆಲ್ಲ ಅಜ್ಜಿಯ ಮುಖದ ಮೇಲೆ ಬಿದ್ದವು. ಹುಡುಗ ಒಳಗೆ ಓಡಿ ಅಜ್ಜನ ಬಿಳಿ ಪಂಚೆ ತಂದು ಕಿಟಕಿಗೆ ಕಟ್ಟಿದ. ಬೆಳಕು ಮತ್ತೆ ಮೆತ್ತಗಾಯಿತು. ಅಜ್ಜಿ ಎರಡನೇ ಮೊಳಕ್ಕೆ ನಾರು ಎತ್ತಿಕೊಂಡರು.